ಪ್ರತಿಸ್ಪರ್ಧಿ

ಪುರವರದ ಮುದುಕಿ ಬೆಳಗಿನ ಜಾವ ತೀರಿಕೊಂಡಳೆಂದು ರುದ್ರಮುನಿ ಫೋನಿನಲ್ಲಿ ಹೇಳಿದಾಗ ಪ್ರಭುದೇವನಿಗೆ ಮೊದಲು ಬಂದದ್ದು ಸಿಟ್ಟು. ಇನ್ನೊಂದು ದಿನ ತಡೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು ಎಂದುಕೊಂಡ. ಅಂದುಕೊಂಡ ಮರುಗಳಿಗೆಗೆ ನಾಚಿಕೆಯಾಯಿತು. ಆದರೆ ನಾಚಿಕೆ ಸಿಟ್ಟಿನಷ್ಟು ಗಟ್ಟಿಯಾಗಿರಲಿಲ್ಲ, ಮುಖ ತೊಳೆದ ನೀರಿನ ಹಾಗೆ ಹರಿದುಹೋಯಿತು. ಮಧುಗಿರಿಯ ಲಾಡ್ಜಿನ ಮಹಡಿಯಲ್ಲಿ ನಿಂತಿದ್ದ. ಎದುರಿನ ಬೆಟ್ಟ ಆಗಲೇ ಬಿಸಿಲಿಗೆ ಕಾಯತೊಡಗಿತ್ತು. ಕೆಳಗೆ ಕಾರಿನ ಗಾಜು ಒರೆಸುತ್ತಿದ್ದ ಡ್ರೈವರ್ ಅನಿಲ್ ಕುಮಾರ್ ತಲೆಯೆತ್ತಿ, ಹೊರಡೋದಾ ಎಂಬಂತೆ ಕೈಯಾಡಿಸಿದ.

"ಈಗ ಹೋದ್ರೆ ಹೊಡೀತಾರೆ ಸಾರ್," ಎನ್ನುತ್ತಿದ್ದ ರುದ್ರಮುನಿ. ಸರ್ವೆಗೆ ಬೇಕಾದ ಮನೆಗಳನ್ನು ಹುಡುಕಿಕೊಡುವ ಅಲ್ಲಿಯ ಮನುಷ್ಯ ಅವನು. "ನೆನ್ನೆ ಸಂಜೆ ಗಂಜಿ ಕುಡುದ್ರಂತೆ, ಮಾತೂ ಆಡುದ್ರಂತೆ. ಬೆಳಗ್ಗೆ ನೋಡುದ್ರೆ ಹೋಗ್ಬುಟ್ಟವ್ರೆ. ನಾನೇನ್ ಮಾಡ್ಲಿ?"

"ಬೇರೆ ಮನೆ ನೋಡಪ್ಪ."

"ಇವತ್ತಿಗಿವತ್ತೇ ಅಂದ್ರೆ ಎಲ್ಲಿಂದ ತರ್ಲಿ ಸಾರ್? ಹಾಸಿಗೆ ಹಿಡಿದ ಮುದುಕ್ರೂ ಇರ್ಬೇಕು, ಮನೇವ್ರೂ ಒಪ್ಬೇಕು, ಬಿಳೀ ಮೇಡಮ್ಮು ಬಚ್ಚಲಿಗೆಲ್ಲ ನುಗ್ಗಿ ನೋಡ್ತಾರೆ ಅಂದ್ರೂ ಸುಮ್ಕಿರ್ಬೇಕು. ಹೆಂಗ್ ಸಿಗ್ತಾರೆ ಅಂತೋರು?"

ಇಂಗ್ರಿಡ್ ಕೆಳಗಿನ ಹೋಟೆಲಿನಲ್ಲಿ ಕೂತು ಇಡ್ಲಿಯನ್ನು ಚಮಚದಿಂದ ಸಣ್ಣಗೆ ಕತ್ತರಿಸಿಕೊಂಡು ತಿನ್ನುತ್ತಿದ್ದಳು. ಹಾಸಿಗೆ ಹಿಡಿದವರಿಗೆ ತೊಡಿಸುವ ಡೈಪರು ತಯಾರಿಸುವ ಯುರೋಪಿನ ಕಂಪನಿಯೊಂದರ ಹಿರಿಯ ಅಧಿಕಾರಿ. ಅವರ ಕಡೆಯ ದೇಶಗಳಲ್ಲಿ ಕೊಳ್ಳುವವರೆಲ್ಲ ಕೊಂಡಾಗಿತ್ತು. ಇನ್ನು ಬೆಳೆಯಬೇಕೆಂದರೆ ಇಂಡಿಯಾದಂಥ ದೇಶಕ್ಕೇ ಬರಬೇಕು. ಬೆಂಗಳೂರು, ಮುಂಬಯಿಗಳ ವಿಚಾರ ಅವರಿಗೆ ಗೊತ್ತಾಗಿತ್ತು. ಗೊತ್ತಿಲ್ಲದಿದ್ದದ್ದು ಸಣ್ಣ ಊರುಗಳು. ಅಗ್ಗದ ಒಂದು ಮಾದರಿ ಮಾಡಿ ತಂದರೆ ಈ ಊರುಗಳು ಕೊಳ್ಳುತ್ತವೆಯೇ, ಇದು ಮಾರುಕಟ್ಟೆ ಹೌದೇ ಅಲ್ಲವೇ, ಇಷ್ಟಕ್ಕೆ ಉತ್ತರ ಬೇಕಿತ್ತು. ಪ್ರಭುದೇವ ಕೆಲಸ ಮಾಡುವ ಬೆಂಗಳೂರಿನ ಸಮೀಕ್ಷೆಯ ಸಂಸ್ಥೆ ಆ ಉತ್ತರವನ್ನು ಹುಡುಕಿಕೊಡಲು ಒಪ್ಪಿಕೊಂಡಿತ್ತು. ಪಾವಗಡ, ಮಧುಗಿರಿ, ಕೊರಟಗೆರೆ, ಸಿರಾ ಎಂದು ನಾಲ್ಕು ತಾಲ್ಲೂಕುಗಳನ್ನು ಆರಿಸಿದವನು ಅವನೇ. ಆ ಸೀಮೆ ನನಗೆ ಅಂಗೈಯಷ್ಟು ಪರಿಚಯ ಎಂದು ಮೀಟಿಂಗಿನಲ್ಲಿ ಹೇಳಿದ್ದ. ಹೇಗೆ ಪರಿಚಯ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ತನಗಿಂತ ಕಿರಿಯರು ಒಬ್ಬೊಬ್ಬರಾಗಿ ತನ್ನನ್ನು ದಾಟಿ ಮೇಲೆ ಹೋಗುವುದನ್ನು ನೋಡಿ ನೋಡಿ ಅವನಿಗೆ ಕುತ್ತಿಗೆ ನೋಯುತ್ತಿತ್ತು. ಈ ಕೆಲಸ ಇಂಗ್ರಿಡ್‌ಗೆ ಹಿಡಿಸಿದರೆ ದಕ್ಷಿಣದ ಉಸ್ತುವಾರಿ ತನಗೆ ಎಂಬ ಮಾತು ಬಂದಿತ್ತು. ನಿನ್ನೆ ಪಾವಗಡದಲ್ಲಿ, ಸೋಲಾರ್ ಹಲಗೆಗಳ ಬಯಲು ದಾಟಿದ ಮೇಲಿನ ಒಂದು ಹಳ್ಳಿಯಲ್ಲಿ, ಹೆಂಗಸೊಬ್ಬಳು ಅತ್ತೆಯ ಮಂಚದ ಪಕ್ಕ ನಿಂತು, "ಅನ್ನೀ ನೇನೇ ಚೇಸ್ತಾನು ಸಾರ್, ಇಂಕೆವರು ಚೇಸ್ತಾರು?" ಎಂದಿದ್ದಳು. ಎಲ್ಲಾ ನಾನೇ ಮಾಡ್ತೀನಿ, ಇನ್ಯಾರು ಮಾಡ್ತಾರೆ. ಅವನು ಮೊದಲರ್ಧವನ್ನು ಇಂಗ್ಲಿಷಿಗೆ ತಂದ. ಉಳಿದರ್ಧ ಪ್ರಶ್ನೆಯೋ ದೂರೋ ತಿಳಿಯದೆ ಬಿಟ್ಟ. ಬಿಟ್ಟದ್ದು ಇಂಗ್ರಿಡ್‌ಗೆ ಗೊತ್ತಾಗಲಿಲ್ಲ. ಹಾಗೆ ಗೊತ್ತಾಗದೆ ಹೋಗುವುದರಲ್ಲಿ ಅವನಿಗೆ ಒಂದು ಬಗೆಯ ಸುಖವೂ ಇತ್ತು, ಕಿಸೆಯಲ್ಲಿ ಯಾರಿಗೂ ಕಾಣದ ಒಂದು ಚೂರು ಬೆಲ್ಲ ಇಟ್ಟುಕೊಂಡ ಹುಡುಗನ ಸುಖ.

ಮುದುಕಿ ಸತ್ತದ್ದನ್ನು ಹೇಳಿದಾಗ ಇಂಗ್ರಿಡ್ ಚಮಚ ಕೆಳಗಿಟ್ಟಳು. ನಿಜವಾಗಿ ನೊಂದುಕೊಂಡಳು. ಆಮೇಲೆ, ಹಾಗಾದರೆ ಈ ದಿನ ವ್ಯರ್ಥವೇ ಎಂದು ಕೇಳಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ದಣಿವು ಇತ್ತು. ಆ ದಣಿವಿಗೆ ಸೋತು, "ಇಲ್ಲ, ಕೊರಟಗೆರೆಯಲ್ಲಿ ನನಗೊಂದು ಮನೆ ಗೊತ್ತು," ಎಂದುಬಿಟ್ಟ ಪ್ರಭುದೇವ. ಸಂಬಂಧಿಕರನ್ನಾಗಲಿ ಪರಿಚಯದವರನ್ನಾಗಲಿ ಮಾತಾಡಿಸಕೂಡದೆಂಬುದು ಸಮೀಕ್ಷೆಯ ಮೊದಲ ನಿಯಮ. ಹೊಸಬರಿಗೆ ಅದನ್ನು ಪಾಠ ಮಾಡುವವನು ತಾನೇ. ಲಾಡ್ಜಿನ ಹಿಂದೆ ನೀರಿನ ಟ್ಯಾಂಕಿನ ಮರೆಗೆ ಹೋಗಿ ಅಕ್ಕನಿಗೆ ಫೋನು ಮಾಡಿದ.

"ಏನೋ ಪ್ರಭು, ಇಷ್ಟೊತ್ತಿಗೆ? ಎಲ್ಲಿದೀಯ?" ಎಂದಳು ಜಗದಾಂಬ. ಹಿಂದಿನಿಂದ ಕುಕ್ಕರಿನ ಕೂಗು ಕೇಳುತ್ತಿತ್ತು.

ಅವನು ಹೇಳಿದ. ಅರ್ಧ ಹೇಳುವಷ್ಟರಲ್ಲಿ ಅವಳು ನಗತೊಡಗಿದಳು. "ಸಾರ್ ಅನ್ಲಾ ನಿನ್ನ? ಸಿಂಬ್ಳ ಒರೆಸಿದೋಳು ಕಣೋ ನಾನು."

"ತಮಾಷೆ ಅಲ್ಲ ಅಕ್ಕ. ನನ್ನ ಕೆಲಸದ ಪ್ರಶ್ನೆ. ನಾನು ಯಾರು ಅಂತ ಗೊತ್ತೇ ಇಲ್ಲದಂಗೆ ಇರ್ಬೇಕು ನೀನು."

ನಗು ನಿಂತಿತು. "ಊಟಕ್ಕಾದ್ರೂ ಇರ್ತೀಯ?"

"ಆಗಲ್ಲ."

"ಅಪ್ಪಾಜಿಗೆ ಏನಂತ ಹೇಳ್ಲಿ?"

"ಏನೂ ಹೇಳ್ಬೇಡ. ಹೆಂಗೂ ಕಣ್ಣು ಕಾಣಲ್ವಲ್ಲ," ಎಂದ ಪ್ರಭುದೇವ.

ಕೊರಟಗೆರೆಯ ರಸ್ತೆಯಲ್ಲಿ ಶುಕ್ರವಾರದ ಜನ. ಗೊರವನಹಳ್ಳಿಗೆ ಹೋಗುವ ಬಸ್ಸುಗಳ ಬಾಗಿಲಲ್ಲೂ ಹೆಂಗಸರು ನಿಂತಿದ್ದರು, ಕೈಯಲ್ಲಿ ಹೂವಿನ ಪೊಟ್ಟಣ. ಇವರೆಲ್ಲ ಏನು ಬೇಡಿಕೊಳ್ಳಲು ಹೋಗುತ್ತಾರೆ ಎಂದು ಇಂಗ್ರಿಡ್ ಕೇಳಿದಳು. ಲಕ್ಷ್ಮಿ ಸಂಪತ್ತಿನ ದೇವತೆ ಎಂದ. ಓ, ಹಾಗಾದರೆ ನಾವೂ ಹೋಗಬೇಕು ಎಂದು ನಕ್ಕಳು. ಆಮೇಲೆ ಕಿಟಕಿಯಾಚೆ ನೋಡುತ್ತ, ತನ್ನ ತಾಯಿ ವೃದ್ಧಾಶ್ರಮದಲ್ಲಿದ್ದಾಳೆಂದೂ ಅವಳ ಬಟ್ಟೆ ಬದಲಿಸುವ ಹೆಂಗಸು ಯಾವ ದೇಶದವಳೆಂಬುದೂ ತನಗೆ ಗೊತ್ತಿಲ್ಲವೆಂದೂ ಹೇಳಿದಳು. ಅವನು ಏನಾದರೂ ಹೇಳಬೇಕಿತ್ತು. ಹೇಳಬಹುದಾಗಿದ್ದ ಮಾತು ಒಂದೇ, ಅದನ್ನು ಹೇಳುವಂತಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅಕ್ಕನ ಜೊತೆ ಅಕ್ಕನ ಗಂಡನ ಮನೆಗೆ ಬಂದು ಬಿದ್ದವನು ಅವನು. ಅಕ್ಕನ ಮಾವ ಶಂಕರಲಿಂಗಪ್ಪ, ಕೊರಟಗೆರೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದವರು, ಒಂದು ದಿನವೂ ಅವನನ್ನು ಸೊಸೆಯ ಜೊತೆ ಬಂದವನೆಂದು ನೋಡಲಿಲ್ಲ. ಮನೆಯ ಮಕ್ಕಳೆಲ್ಲ ಕರೆದಂತೆ ಅವನೂ ಅಪ್ಪಾಜಿ ಎಂದ. ಅವರು ಓ ಎಂದರು. ಅಷ್ಟೇ, ಅದಕ್ಕೆ ಬೇರೆ ಶಾಸ್ತ್ರವಾಗಲಿಲ್ಲ. ಕಾಲೇಜು ಮುಗಿಯುವ ತನಕ ಅವನ ಮೈಗೆ ಹುಣಸೆಯ ವಾಸನೆ ಅಂಟಿಕೊಂಡಿತ್ತು, ಬೆಂಗಳೂರಿನ ಹಾಸ್ಟೆಲಿನಲ್ಲಿ ಹುಡುಗರು ಮೂಗು ಹಿಡಿದುಕೊಂಡು ಕರೆಯುತ್ತಿದ್ದ ಹೆಸರು ಈಗಲೂ ನೆನಪಿದೆ. ಲಕ್ವ ಹೊಡೆದು ಎರಡು ವರ್ಷವಾಯಿತು ಅವರಿಗೆ. ಅವನು ನೋಡಲು ಬಂದದ್ದು ಒಂದು ಸಲ, ಆಗಲೂ ಹೊರಗೆ ಕಾರು ನಿಲ್ಲಿಸಿಯೇ.

ಜಗದಾಂಬ ಒಳ್ಳೆಯ ಸೀರೆ ಉಟ್ಟಿದ್ದಳು. ಹಣೆಗೆ ವಿಭೂತಿ, ತಲೆ ಬಾಚಿ ಗಂಟು. ಬಾಗಿಲಲ್ಲಿ ನಿಂತು, "ಬನ್ನಿ ಸಾರ್, ಬನ್ನಿ ಮೇಡಂ," ಎಂದಳು. ಎಷ್ಟು ಚೆನ್ನಾಗಿ ಎಂದಳೆಂದರೆ ಅವನಿಗೆ ಒಂದು ಕ್ಷಣ ತಾನು ನಿಜವಾಗಿಯೂ ಬೇರೆ ಮನೆಗೆ ಬಂದೆನೇನೋ ಅನ್ನಿಸಿತು. ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿ ಫಿನಾಯಿಲ್ ಹಾಕಿ ಒರೆಸಿದ್ದಳು. ಹೊಸ ಬೆಡ್‌ಶೀಟು, ಅದರ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಇದು ಹೀಗೆ ಇರಬಾರದಿತ್ತು, ಇಂಗ್ರಿಡ್ ನೋಡಬೇಕಾದದ್ದು ಇದಲ್ಲ, ಎಂದು ಅವನೊಳಗಿನ ಸಮೀಕ್ಷೆಯವನು ಪೇಚಾಡಿಕೊಂಡ. ಮಂಚದ ಮೇಲೆ ಅಪ್ಪಾಜಿ ಇದ್ದರು, ಇದ್ದದ್ದು ಸ್ವಲ್ಪವೇ. ಕಣ್ಣಿನ ಮೇಲೆ ಬಿಳಿಯ ಪೊರೆ. ಇಂಗ್ರಿಡ್ ಕುರ್ಚಿಯಲ್ಲಿ ಕೂತು ರೆಕಾರ್ಡರನ್ನು ಮಡಿಲಲ್ಲಿ ಇಟ್ಟುಕೊಂಡಳು. ಅದರ ಕೆಂಪು ದೀಪ ಹತ್ತಿತು. ಅವನು ಮಾಮೂಲಿನ ಮಾತು ಶುರು ಮಾಡಿದ: ನಾವು ಒಂದು ಕಂಪನಿಯಿಂದ ಬಂದಿದ್ದೇವೆ, ಇದರಲ್ಲಿ ಸರಿ ತಪ್ಪು ಅಂತ ಏನಿಲ್ಲ, ನಿಮಗೆ ಅನ್ನಿಸಿದ್ದು ಹೇಳಿ—

"ಪ್ರಭು ಬಂದ್ನೇನಮ್ಮಾ?" ಎಂದರು ಅಪ್ಪಾಜಿ. ನಾಲಗೆ ಒಂದು ಪಕ್ಕಕ್ಕೆ ಎಳೆಯುತ್ತಿತ್ತು, ಆದರೂ ಮಾತು ಸ್ಪಷ್ಟವಾಗಿತ್ತು. "ಲೇ ಪ್ರಭು, ಯಾವಾಗ್ಲಾ ಬಂದೆ?"

ಜಗದಾಂಬ ಅವನ ಮುಖ ನೋಡಿದಳು. ಹೆಸರು ಕಿವಿಗೆ ಬಿದ್ದು ಇಂಗ್ರಿಡ್ ಹುಬ್ಬೇರಿಸಿದಳು: ಇವರಿಗೆ ನಿಮ್ಮ ಗುರುತಿದೆಯೇ? ಇಲ್ಲ ಎಂದ ಪ್ರಭುದೇವ, ಇಂಗ್ಲಿಷಿನಲ್ಲಿ, ತನಗೇ ಆಶ್ಚರ್ಯವಾಗುವಷ್ಟು ಬೇಗ. ನಮ್ಮ ಭಾಷೆಯಲ್ಲಿ ಪ್ರಭು ಎಂದರೆ ದೇವರು. ಈ ವಯಸ್ಸಿನವರು ಹೀಗೆ ದೇವರನ್ನು ಕರೆಯುತ್ತಲೇ ಇರುತ್ತಾರೆ. ಇಂಗ್ರಿಡ್ ಗೌರವದಿಂದ ತಲೆ ತಗ್ಗಿಸಿದಳು. ಇನ್ನು ಉಳಿದದ್ದು ಕನ್ನಡದ ಉತ್ತರ. ಅಲ್ಲಿ ಅವನಿಗೆ ಅವಕಾಶವಿತ್ತು. ಅವಳಿಗೆ ಕನ್ನಡ ಬಾರದು. ರೆಕಾರ್ಡರನ್ನು ಒಂದು ನಿಮಿಷ ನಿಲ್ಲಿಸಿ ಎಂದರೆ ನಿಲ್ಲಿಸುತ್ತಿದ್ದಳು. ಹೌದು ಅಪ್ಪಾಜಿ ನಾನೇ, ಆಮೇಲೆ ಹೇಳ್ತೀನಿ, ಎಂಬುದಕ್ಕೆ ಎಷ್ಟು ಹೊತ್ತು ಬೇಕು. ಬೆಂಗಳೂರಿನ ಆಫೀಸಿನಲ್ಲಿ ಈ ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುವ ಹುಡುಗಿಯರ ನೆನಪು ಬಂತು, ಅವರು ಒಬ್ಬರಿಗೊಬ್ಬರು ಹೇಳಿಕೊಂಡು ನಗುವುದು ಕಣ್ಣಿಗೆ ಕಟ್ಟಿತು. ಅದೂ ಪೂರ್ತಿ ನಿಜವಲ್ಲ. ಆ ಮಂಚದ ಮೇಲಿನಿಂದ ಬಂದ, ತನ್ನವನೆಂಬ ಹಕ್ಕಿನ ಕೂಗು ಅವನಿಗೆ ಆ ಗಳಿಗೆಯಲ್ಲಿ ಅಸಹ್ಯವೆನಿಸಿತ್ತು.

"ನಾವು ಕಂಪನಿಯೋರು, ಯಜಮಾನ್ರೇ," ಎಂದ.

ಅಪ್ಪಾಜಿ ಮುಖವನ್ನು ಇತ್ತ ಹೊರಳಿಸಿದರು. ಕಾಣದ ಕಣ್ಣು ಅವನಿದ್ದ ಕಡೆಗೇ ನೆಟ್ಟಿತ್ತು. ಆಮೇಲೆ ಆಡುವ ಕೈಯಿಂದ ಬೆಡ್‌ಶೀಟನ್ನು ಎದೆಯ ತನಕ ಎಳೆದುಕೊಂಡು, "ಓಹೋ. ತಪ್ಪು ತಿಳೀಬ್ಯಾಡಿ ಸ್ವಾಮಿ. ಬನ್ನಿ, ಕೂತ್ಕಳಿ. ತಾವು ನಿಂತೇ ಇದ್ದಂಗಿದೆ," ಎಂದರು.

ತಾವು. ಮಂಡಿಗೆ ಬರುತ್ತಿದ್ದ ಪರಊರಿನ ವ್ಯಾಪಾರಿಗಳಿಗೆ ಅವರು ಹಾಗೆನ್ನುತ್ತಿದ್ದರು. ಸರಕು ಕೊಳ್ಳದೆ ಎದ್ದು ಹೋಗುವವರಿಗೂ. ಪ್ರಭುದೇವ ಕೂತ. ಇಂಗ್ರಿಡ್ ಕೇಳಿದ್ದನ್ನು ಕನ್ನಡ ಮಾಡಿ ಕೇಳುತ್ತ ಹೋದ, ಅಕ್ಕ ಹೇಳಿದ್ದನ್ನು ಇಂಗ್ಲಿಷು ಮಾಡಿ ಹೇಳುತ್ತ ಹೋದ. ಇವರ ಬಟ್ಟೆ ಯಾರು ಬದಲಿಸುತ್ತಾರೆ? ನಾನೇ ಸಾರ್. ಮಗ? ಅವರು ಮಂಡಿಗೆ ಹೋಗ್ತಾರೆ, ಗಂಡಸ್ರು ಅದನ್ನೆಲ್ಲ ಮಾಡಕ್ಕಾಗುತ್ತಾ. ರಾತ್ರಿ ಏಳಬೇಕಾಗುತ್ತದೆಯೇ? ಜಗದಾಂಬ ಮಂಚದ ಕಡೆ ನೋಡಿದಳು. "ಏನಿಲ್ಲ ಸಾರ್. ಅಪ್ಪಾಜೀದು ಏನೂ ರಗಳೆ ಇಲ್ಲ. ಅವರು ಮಲಗಿದ್ರೆ ಬೆಳಗಿನಗಂಟ ಏಳಲ್ಲ." ಕಷ್ಟ ಅನ್ನಿಸುವುದಿಲ್ಲವೇ? "ಕಷ್ಟ ಏನು ಬಂತು. ನಮ್ಮನೆ ದೊಡ್ಡೋರು. ನಂಗೇನೂ ತೊಂದ್ರೆ ಇಲ್ಲ." ಈ ಮಾತನ್ನು ಅವಳು ಸ್ವಲ್ಪ ಗಟ್ಟಿಯಾಗಿ ಹೇಳಿದಳು, ಮಂಚಕ್ಕೆ ಕೇಳುವಷ್ಟು. ಅವನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಇಂಗ್ಲಿಷಿಗೆ ತಂದ. ಮಂಚದ ಮೇಲಿನ ಗೂಡಿನಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಶಿವದಾರ ಸುತ್ತಿ ಇಟ್ಟಿದ್ದರು. ಅದೇನೆಂದು ಇಂಗ್ರಿಡ್ ಕೇಳಿದಳು. "ಅಪ್ಪಾಜೀದು ಲಿಂಗ," ಎಂದಳು ಜಗದಾಂಬ, ಈಗ ದನಿ ಇಳಿಸಿ. "ಈ ಸ್ಥಿತೀಲಿ ಮೈ ಮೇಲೆ ಇರಬಾರ್ದು, ಮೈಲಿಗೆ ಆಯ್ತದೆ ಅಂತ ಅವರೇ ತೆಗೆಸಿದ್ರು. ಅವತ್ತು ನೀರೂ ಮುಟ್ಲಿಲ್ಲ." ಜೀವ ಇರುವ ತನಕ ಎದೆಯಿಂದ ಇಳಿಯಬಾರದ್ದು ಅದು. ಪ್ರಭುದೇವ ತನ್ನದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಯಾವ ಡ್ರಾಯರಿನಲ್ಲಿದೆ ಎಂಬುದೂ ಗೊತ್ತಿಲ್ಲ. ಆದರೂ ಅವನ ಕೈ ತಾನಾಗಿ ಎದೆ ಮುಟ್ಟಿಕೊಂಡಿತು. ಅದೊಂದು ಧಾರ್ಮಿಕ ಆಭರಣ, ಮಲಗಿದಾಗ ಒತ್ತುತ್ತದೆಂದು ತೆಗೆದಿಟ್ಟಿದ್ದಾರೆ, ಎಂದ ಇಂಗ್ಲಿಷಿನಲ್ಲಿ. ಆರಾಮ ಮುಖ್ಯ ಎಂದು ಇಂಗ್ರಿಡ್ ಗುರುತು ಹಾಕಿಕೊಂಡಳು.

ಹಾಸಿಗೆಯ ಮೇಲೆ ಏನು ಹಾಸಿದ್ದೀರಿ, ನೋಡಬಹುದೇ ಎಂದಳು. ಜಗದಾಂಬ ಬೆಡ್‌ಶೀಟಿನ ತುದಿ ಎತ್ತಿದಳು: ಕೆಂಪು ರಬ್ಬರ್ ಶೀಟು, ಅದರ ಮೇಲೆ ಹಳೆಯ ಸೀರೆಯ ಮಡಿಕೆಗಳು. ಒದ್ದೆಯಾಗಿದ್ದವು. ಊದಿನಕಡ್ಡಿಯನ್ನು ಸರಿಸಿಕೊಂಡು ವಾಸನೆ ಮೇಲೆ ಬಂತು. ಇಂಗ್ರಿಡ್ ಬಾಗಿ ಫೋಟೋ ತೆಗೆದಳು. ಅಪ್ಪಾಜಿ ಮುಖವನ್ನು ಗೋಡೆಗೆ ತಿರುಗಿಸಿದರು. ಈ ಕೋಣೆಯ ಆಚೆಯ ಪಡಸಾಲೆಯಲ್ಲೇ, ಬಂದ ಹೊಸದರಲ್ಲಿ, ಹುಡುಗರ ಸಾಲಿನ ತುದಿಯಲ್ಲಿ ಮಲಗುತ್ತಿದ್ದ ಅವನು ಒಂದು ಬೆಳಗ್ಗೆ ಎಚ್ಚರಾದಾಗ ಹಾಸಿಗೆ ಒದ್ದೆಯಾಗಿತ್ತು. ಅಷ್ಟು ದೊಡ್ಡ ಹುಡುಗ. ಎದ್ದರೆ ಎಲ್ಲರಿಗೂ ಗೊತ್ತಾಗುತ್ತದೆಂದು ಕಣ್ಣು ಮುಚ್ಚಿ ಹಾಗೇ ಬಿದ್ದುಕೊಂಡಿದ್ದ, ತಣ್ಣಗೆ, ಸತ್ತವನ ಹಾಗೆ. ಆಗ ಅಪ್ಪಾಜಿ ಬಂದರು. ಮೂಲೆಯಲ್ಲಿದ್ದ ನೀರಿನ ಹೂಜಿಯನ್ನು ಕಾಲಿನಿಂದ ಉರುಳಿಸಿದರು. "ಥೂ, ಹೂಜಿ ಒದ್ದುಬುಟ್ಟೆ, ಹುಡ್ಗನ ಹಾಸಿಗೆ ಎಲ್ಲಾ ನೆಂದೋಯ್ತು ನೋಡಿ," ಎಂದು ಮನೆಗೆಲ್ಲ ಕೇಳುವಂತೆ ಹೇಳಿ, ತಾವೇ ಸುತ್ತಿಕೊಂಡು ಮಾಳಿಗೆಗೆ ಹೋದರು. ಆಮೇಲೆ ಅದರ ಸುದ್ದಿ ಎತ್ತಲಿಲ್ಲ, ಅವನ ಹತ್ತಿರವೂ. ಇಂಗ್ರಿಡ್ ಇನ್ನೊಂದು ಫೋಟೋ ತೆಗೆದಳು. ಬೆಳಕು ಸಾಲದು, ಆ ಕಿಟಕಿ ತೆರೆಯಬಹುದೇ ಎಂದಳು. ಪ್ರಭುದೇವ ಎದ್ದು ಹೋಗಿ ಕಿಟಕಿ ತೆರೆದ.

ಆಮೇಲೆ ಅವಳು ಮುದುಕರನ್ನೇ ಕೇಳಬೇಕೆಂದಳು; ತೊಡುವವರ ಒಪ್ಪಿಗೆ ದೊಡ್ಡದು. ಅವನು ಕೇಳಿದ: "ಯಜಮಾನ್ರೇ, ಮಕ್ಕಳಿಗೆ ಹಾಕ್ತಾರಲ್ಲ, ಅಂಥದೇ ದೊಡ್ಡವರಿಗೂ ಬರುತ್ತೆ. ನೀವು ಹಾಕಿಸ್ಕೋತೀರಾ?"

"ಅದನ್ನ ನಮ್ ಸೊಸೇನ ಕೇಳಿ ಸ್ವಾಮಿ. ಈ ಮೈ ಈಗ ನಂದಲ್ಲ, ಅವಳ ಪಾಲಿಗೆ ಬಿದ್ದಿರೋದು," ಎಂದರು ಗೋಡೆಯ ಕಡೆಗೇ. ತುಸು ತಡೆದು, "ತಮ್ದು ಯಾವೂರಾಯ್ತು?"

"ಬೆಂಗಳೂರು."

"ಹುಟ್ಟಿದ್ದೂ ಅಲ್ಲೇನಾ?"

"ಅಲ್ಲೇ."

"ಒಳ್ಳೇದು. ನಮ್ ಸೊಸೆ ತಮ್ಮ ಒಬ್ಬಿದ್ದ. ದನಿ ತಮ್ದರಂಗೇ ಇತ್ತು."

ಅವರು ಏನೆಂದರು ಎಂದು ಇಂಗ್ರಿಡ್ ಕೇಳಿದಳು. ಸೊಸೆ ಏನು ಹೇಳಿದರೆ ಹಾಗೆ ಅನ್ನುತ್ತಾರೆ, ಎಂದ.

ಜಗದಾಂಬ ಕಾಫಿ ಮಾಡಲು ಒಳಗೆ ಹೋದಳು. ಇಂಗ್ರಿಡ್ ಹಿತ್ತಲಿನಲ್ಲಿ ಒಣಹಾಕಿದ್ದ ಬಟ್ಟೆಗಳನ್ನು, ಅಕ್ಕಪಕ್ಕದವರಿಗೆ ಕಾಣದಂತೆ ಗೋಡೆಯ ಮರೆಗೆ ಕಟ್ಟಿದ್ದ ತಂತಿಯನ್ನು ನೋಡುತ್ತಿದ್ದಾಗ ಪ್ರಭುದೇವ ಅಡುಗೆಮನೆಗೆ ಬಂದ. ಅಕ್ಕ ಹಾಲಿನ ಪಾತ್ರೆಯ ಕಡೆಗೇ ನೋಡುತ್ತಿದ್ದಳು. ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಕೆಂಪಗಿತ್ತು.

"ಅಪ್ಪಾಜಿಗೆ ಗೊತ್ತಾಗೋಯ್ತು ಕಣೋ," ಎಂದಳು.

"ನೀನು ಅಲ್ಲಿ ತೊಂದರೆ ಇಲ್ಲ ಅಂದ್ಯಲ್ಲ ಅಕ್ಕ."

"ಅವರೆದುರಿಗೆ ಇನ್ನೇನು ಅನ್ಲೋ? ಕಿವಿ ಎಷ್ಟು ಚುರುಕು ನೋಡ್ದೆಲ್ಲ. ನಾನು ಉಸಿರು ಬಿಟ್ರೂ ಕೇಳಿಸ್ಕೋತಾರೆ. ನೊಂದ್ಕೊಂಡು ಊಟ ಬಿಡ್ತಾರೆ, ತಿಂದ್ರೆ ತಾನೆ ಇವಳಿಗೆ ಕೆಲಸ ಅಂತ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನಿದ್ದೆ ಅನ್ನೋದೇ ಮರೆತೋಗಿದೆ ಪ್ರಭು. ಕಣ್ಣು ಹತ್ತುತ್ತೆ, ಅಷ್ಟ್ರಲ್ಲಿ ಕೂಗ್ತಾರೆ. ಕೂಗೋದಲ್ಲ, ಕೆಮ್ತಾರೆ, ಕೂಗಕ್ಕೆ ಅವರಿಗೆ ನಾಚ್ಕೆ. ಒಬ್ಬಳೇ ಹೊರಳಿಸಿ ಹೊರಳಿಸಿ ಸೊಂಟ ಹಿಡ್ಕೊಂಡೋಗಿದೆ. ಮೆಡಿಕಲ್ ಸ್ಟೋರಿಂದು ತಂದಿದ್ದೆ ಒಂದ್ಸಲ, ದಿನಾ ತರಕ್ಕಾಗಲ್ಲ ಅಂದ್ರು ಇವ್ರು. ಆ ಮೇಡಮ್ಮುಂಗೆ ಇದನ್ನೆಲ್ಲ ನೀನೇ ತಿಳಿಸಿ ಹೇಳ್ತೀಯಲ್ಲ?"

"ಹೇಳ್ತೀನಿ ಅಕ್ಕ," ಎಂದ.

ಹೊರಡುವಾಗ ಇಂಗ್ರಿಡ್ ಬ್ಯಾಗಿನಿಂದ ಹೊಸ ಮಾದರಿಯ ಎರಡು ಡೈಪರು ತೆಗೆದು ಜಗದಾಂಬಳ ಕೈಗಿಟ್ಟು, ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಟ್ಟ ಮೇಲೂ ಆ ಕೈಯನ್ನೇ ನೋಡುತ್ತಿದ್ದಳು. ಜಗದಾಂಬ, "ಹೋಗ್ಬನ್ನಿ ಸಾರ್," ಎಂದಳು. ಕಾರು ಹತ್ತುವ ಮೊದಲು ಸಿಗರೇಟಿಗೆಂದು ಪ್ರಭುದೇವ ಮರೆಗೆ ಹೋದಾಗ ಅನಿಲ್ ಕುಮಾರ್ ಹಿಂದೆಯೇ ಬಂದು, "ನಿಮ್ಮಕ್ಕ ಅಲ್ವಾ ಸಾರ್? ಅವರೇ ಬಂದು ನಂಗೆ ಟೀ ಕೊಟ್ರು. ಮೂಗು ನಿಮ್ದೇ," ಎಂದ. ಪ್ರಭುದೇವ ಅವನನ್ನು ದುರುಗುಟ್ಟಿ ನೋಡಿದ. "ನಂಗೇನಾಗ್ಬೇಕು ಬುಡಿ ಸಾರ್," ಎಂದು ಅನಿಲ್ ಹಲ್ಲು ಕಿರಿದ. ಆ ಹಲ್ಲು ಮಧುಗಿರಿ ದಾಟಿ ಬಡವನಹಳ್ಳಿಯ ತನಕ ಕನ್ನಡಿಯಲ್ಲಿ ಕಾಣುತ್ತಿತ್ತು, ಅಥವಾ ಕಾಣುತ್ತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಸಿರಾದ ಹೆದ್ದಾರಿಯ ಹೋಟೆಲಿನಲ್ಲಿ ಒಂದು ಕೋಣೆಯನ್ನು ಮೀಟಿಂಗಿಗೆಂದು ಹಿಡಿದಿದ್ದರು. ಹೊರಗೆ ಲಾರಿಗಳು ಎಡೆಬಿಡದೆ ಹೋಗುತ್ತಿದ್ದವು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಕಂಪನಿಯ ದೊಡ್ಡವರು ಮೂಡಿದರು. ಅವರ ಊರಿನಲ್ಲಿ ಇನ್ನೂ ಹಗಲು, ಕಿಟಕಿಯಾಚೆ ಹಸಿರು ಮರ. ಇಂಗ್ರಿಡ್ ಫೋಟೋಗಳನ್ನು ತೋರಿಸಿದಳು. ಕೆಂಪು ರಬ್ಬರ್ ಶೀಟು ಗೋಡೆಯಗಲಕ್ಕೆ ಹರಡಿಕೊಂಡಿತು, ಅದರ ಅಂಚಿನಲ್ಲಿ ಗೋಡೆಗೆ ತಿರುಗಿದ ಒಂದು ನರೆತ ತಲೆ. ಪ್ರಭುದೇವ ನೀರು ಕುಡಿದ. ಒಂದು ವಿಷಯ ನನಗೆ ಕೊರೆಯುತ್ತಿದೆ ಎಂದಳು ಇಂಗ್ರಿಡ್: ಕೊರಟಗೆರೆಯ ಆ ಹೆಂಗಸು ಏನೂ ತೊಂದರೆಯಿಲ್ಲ ಎಂದಳು, ಆದರೆ ಅವಳ ಕೈ ಬೇರೆ ಹೇಳುತ್ತಿತ್ತು. ಎಲ್ಲವನ್ನೂ ಹೇಳಲಿಲ್ಲವೆಂದು ನನಗೆ ಅನುಮಾನ. ನೀವು ಅಡುಗೆಮನೆಗೆ ಹೋಗಿದ್ದಿರಿ, ಅಲ್ಲಿ ಏನಾದರೂ ಹೇಳಿದಳೇ?

ಪರದೆಯ ಮೇಲಿನ ಮುಖಗಳೆಲ್ಲ ಅವನ ಕಡೆ ತಿರುಗಿದವು. ಹೇಳಿದಳು ಎಂದರೆ, ಯಾರಿಗೂ ಹೇಳದ್ದನ್ನು ನಿಮಗೊಬ್ಬರಿಗೇ ಏಕೆ ಹೇಳಿದಳು ಎಂಬ ಪ್ರಶ್ನೆ ಬರುತ್ತದೆ. ಹಾಗೆಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆ ಗಳಿಗೆಯಲ್ಲಿ ಮಾತ್ರ ಅವನ ನಾಲಗೆಯ ಮೇಲೆ ಬೇರೆ ಒಂದು ವಾಕ್ಯ ತಾನಾಗಿ ಕಟ್ಟಿಕೊಳ್ಳುತ್ತಿತ್ತು, ಇಂಗ್ಲಿಷಿನ ವಾಕ್ಯ, ಅಚ್ಚುಕಟ್ಟಾದದ್ದು. ಅದನ್ನು ಕೆಡಿಸುವ ಯಾವುದೂ ಅವನಿಗೆ ಬೇಕಿರಲಿಲ್ಲ.

"ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು," ಎಂದ.

ಪರದೆಯ ಮೇಲಿನ ಹಿರಿಯ ನಕ್ಕ. ಸರಿ, ಒಂದೇ ಮಾತಿನಲ್ಲಿ ಹೇಳಿ, ಇಲ್ಲಿ ನಮಗೆ ಎದುರಾಳಿ ಯಾರು, ಯಾವ ಕಂಪನಿ ಎಂದು ಕೇಳಿದ. ಪ್ರಭುದೇವ ಒಂದು ಕ್ಷಣ ಬಿಟ್ಟ. ಹಾಗೆ ಬಿಡಬೇಕೆಂಬುದು ಅವನಿಗೆ ತಿಳಿದಿತ್ತು. ಯಾವ ಕಂಪನಿಯೂ ಅಲ್ಲ ಎಂದ. ಇಲ್ಲಿ ನಿಮ್ಮ ಪ್ರತಿಸ್ಪರ್ಧಿ ಸೊಸೆ. ಅವಳಿಗೆ ಸಂಬಳವಿಲ್ಲ, ರಜೆಯಿಲ್ಲ, ದೂರೂ ಇಲ್ಲ. ಅವಳು ಮನೆಯಲ್ಲಿರುವ ತನಕ ನೀವು ಎಷ್ಟು ಅಗ್ಗ ಮಾಡಿದರೂ ಅವಳಿಗಿಂತ ದುಬಾರಿಯೇ. ಪರದೆಯ ಮೇಲೆ ಯಾರೋ ಸಣ್ಣಗೆ ಶಿಳ್ಳೆ ಹಾಕಿದರು. ಅದ್ಭುತ, ಇದನ್ನು ವರದಿಯ ಮೊದಲ ಸಾಲು ಮಾಡಿ, ಎಂದ ಹಿರಿಯ. ಉಳಿದದ್ದು ಬೇಗ ಮುಗಿಯಿತು. ಈ ನಾಲ್ಕು ತಾಲ್ಲೂಕು, ಇಂಥ ಊರುಗಳು, ಸದ್ಯಕ್ಕೆ ಬೇಡ. ಹೆಂಗಸರು ಕೆಲಸಕ್ಕೆ ಹೊರಗೆ ಹೋಗುವ ಕಾಲ ಬಂದಾಗ ಮತ್ತೆ ನೋಡೋಣ. ಅಗ್ಗದ ಮಾದರಿಯನ್ನು ಇಂಡಿಯಾಕ್ಕೆ ತರುವುದನ್ನು ನಿಲ್ಲಿಸಿ. ಪರದೆ ಕಪ್ಪಾದ ಮೇಲೆ ಇಂಗ್ರಿಡ್ ಅವನ ಕೈ ಕುಲುಕಿದಳು. ದಕ್ಷಿಣದ ಉಸ್ತುವಾರಿಯ ಬಗ್ಗೆ ನಾಳೆಯೇ ನಿಮ್ಮವರಿಗೆ ಹೇಳುತ್ತೇನೆ ಎಂದಳು. ಅವಳು ಸಂತೋಷವಾಗಿದ್ದಳೆನ್ನಲಾಗದು, ಆದರೆ ಸುಸ್ತು ಇಳಿದಿತ್ತು. ಅವನಿಗೆ ಹೆಮ್ಮೆಯಾಯಿತು. ಎಷ್ಟೋ ವರ್ಷದಿಂದ ಆಗದಿದ್ದಷ್ಟು ಹೆಮ್ಮೆ, ಎದೆ ನೋಯುವಷ್ಟು.

ಇಬ್ಬರೂ ಕೆಳಗೆ ಬಂದು ಚಹಾ ಹೇಳಿ ಕೂತಿದ್ದಾಗ ಫೋನು ಬಂತು.

"ಪ್ರಭು, ಬಿಡುವಾಗಿದೀಯಾ? ಪಕ್ಕದಲ್ಲಿ ಯಾರಾದ್ರೂ ಅವ್ರಾ?" ಅಕ್ಕನ ದನಿ ಬೇರೆಯಾಗಿತ್ತು, ಮುಖ ತೊಳೆದುಕೊಂಡು ಬಂದವಳ ಹಾಗೆ. "ಆ ಮೇಡಮ್ಮು ಕೊಟ್ಟಿದ್ನ ಅಪ್ಪಾಜಿಗೆ ಹಾಕ್ದೆ ಕಣೋ. ಮೊದ್ಲು ಬ್ಯಾಡ ಅಂದ್ರು. ಆಮೇಲೆ ಮಲಗಿದೋರು ಈಗ ಎದ್ರು ನೋಡು. ಒಂದು ಹನಿ ಆಚೆ ಬಂದಿಲ್ಲ. ನಾನೂ ಅಲ್ಲೇ ನೆಲದ ಮೇಲೆ ಮಲಗಿಬುಟ್ಟಿದ್ದೆ, ಒಲೆ ಮೇಲಿನ ಸಾರು ಸೀದು ಕರಕಾಗಿದೆ, ಅಂತಾ ನಿದ್ದೆ." ಅವಳು ನಕ್ಕಳು. "ಕಮ್ಮಿ ರೇಟಿಗೆ ಬರುತ್ತೆ ಅಂತ ಬೆಳಗ್ಗೆ ಫೋನಲ್ಲಿ ಅಂದ್ಯಲ್ಲ, ಯಾವಾಗ್ ಬರುತ್ತೆ ಅದು ಇಲ್ಲಿಗೆ?"

ಲಾರಿಯೊಂದು ಹಾರ್ನು ಹೊಡೆದುಕೊಂಡು ಹೋಯಿತು. ಅದರ ಸದ್ದು ಪೂರ್ತಿ ಹೋಗುವ ತನಕ ಅವನು ಕಾದ.

"ಬರಲ್ಲ ಅಕ್ಕ."

"ಯಾಕೆ?"

"ಈ ಕಡೆ ಯಾರಿಗೂ ಬೇಕಿಲ್ಲ ಅಂತ ತೀರ್ಮಾನ ಆಯ್ತು."

ಆ ಕಡೆ ಯಾರೋ ಕೆಮ್ಮಿದ್ದು ಕೇಳಿಸಿತು.

"ನೀನು ಹೇಳ್ಲಿಲ್ವೇನೋ, ನಾನು ಹೇಳಿದ್ದು?"

"ನೀನು ಅವರೆದುರಿಗೆ ಏನು ಹೇಳ್ದ್ಯೋ ಅದನ್ನೇ ಹೇಳ್ದೆ ಅಕ್ಕ," ಎಂದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಅಂಗಾದ್ರೆ ನಂದೇ ತಪ್ಪು ಬುಡು," ಎಂದಳು ಜಗದಾಂಬ. ಸಿಟ್ಟಿನಿಂದ ಹೇಳಲಿಲ್ಲ, ನಂಬಿಯೇ ಹೇಳಿದಳು. "ಇಡ್ತೀನಿ, ಅಪ್ಪಾಜಿ ಕೆಮ್ತಾವ್ರೆ."

ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಇಂಗ್ರಿಡ್ ಚಹಾದ ಬಟ್ಟಲಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಕೆಟ್ಟ ಸುದ್ದಿಯೇ, ಯಾರದು ಎಂದು ಕೇಳಿದಳು.

"ನಮ್ಮ ಅಕ್ಕ," ಎಂದ ಪ್ರಭುದೇವ.

ಇಂಗ್ರಿಡ್‌ಳ ಮುಖ ಅರಳಿತು. ಅಕ್ಕ ಇದ್ದಾಳೆಂದು ಹೇಳಲೇ ಇಲ್ಲವಲ್ಲ, ಈ ಕಡೆಯೇ ಇರುವುದೇ ಎಂದಳು. ಹತ್ತಿರವಿದ್ದರೆ ನಾಳೆ ಹೋಗುವಾಗ ಅವಳನ್ನು ನೋಡಿಕೊಂಡು ಹೋಗೋಣ, ನನಗೂ ಆಸೆ ಎಂದಳು.

"ಇಲ್ಲ," ಎಂದ. "ಅದು ನಮ್ಮ ದಾರಿಗೆ ಸಿಗುವುದಿಲ್ಲ."